ಮರಳಿನಲ್ಲಿ ನೂರು ಕಡ್ಡಿ

“ನಿನ್ನ ಹೊಲದಾಗ ಬೆಳೆದ ಸಜ್ಜಿ ರೊಟ್ಟಿ ನಿನಗ ತಿನ್ನಿಸೇ ತಿನ್ನಿಸ್ತೀನಿ” ಎಂದು ಹುಲುಗಪ್ಪ ಮದುವೆಯಾದ ಮರುವರ್ಷ ಹಂಪಕ್ಕನಿಗೆ ಮಾತು ಕೊಟ್ಟಿದ್ದ. ಅಪ್ಪ ಅವಳಿಗೆ ಬಳುವಳಿಯಾಗಿ ಕೊಟ್ಟ ಆ ಮೂರೆಕರೆ ಹಗರಿ ಹೊಳೆಯ ದಂಡೆಯಲ್ಲಿತ್ತು. ವರ್ಷವರ್ಷವೂ ಆಷಾಢದ ಗಾಳಿ ಹೊಳೆಯ ಮರಳನ್ನು ಹೊತ್ತು ತಂದು ಸುರಿದು, ಹದಿನಾರು ವರ್ಷಗಳಲ್ಲಿ ಗಡಿಕಲ್ಲಿನ ತಲೆಯೊಂದನ್ನು ಬಿಟ್ಟು ಎಲ್ಲವನ್ನೂ ಮುಚ್ಚಿತ್ತು.

ಈಗ ಮದರಾಸು ಸರ್ಕಾರ ಮರಳು ಬಿದ್ದ ಹೊಲಗಳಿಗೆ ತುರ್ತು ಸಹಾಯಧನ ಕೊಡುತ್ತಿತ್ತು. ಮರಳು ಎಳೆಸುವ ಎತ್ತು, ಆಳಿನ ಖರ್ಚು ಸರ್ಕಾರದ್ದು. ಷರತ್ತು ಒಂದೇ: ಮೊದಲು ಗಾಳಿಗೆ ಅಡ್ಡಲಾಗಿ ಸರ್ಕಾರದ ನೂರು ಜಾಲಿ ಸಸಿ ನೆಟ್ಟು, ಇನ್‌ಸ್ಪೆಕ್ಟರು ಬಂದಾಗ ಜೀವಂತ ತೋರಿಸಬೇಕು. ಹುಲುಗಪ್ಪ ನೆಟ್ಟ. ಅವರು ಬರುವ ಹಿಂದಿನ ದಿನ, ಅವನು ಗಡಿಕಲ್ಲಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಾಗ, ಅವನವೇ ಆಡುಗಳು ನೂರನ್ನೂ ಮೇದು ಮುಗಿಸಿದವು.

ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಹಳ್ಳದ ಘಾಟು ವಾಸನೆಯ ಲಕ್ಕಿ ಪೊದೆಯಿಂದ ನೂರು ಹಸಿರು ಕಡ್ಡಿ ಕಡಿದು ತಂದು ಅದೇ ಗುಣಿಗಳಲ್ಲಿ ಚುಚ್ಚಿ ನಿಲ್ಲಿಸಿದ. ಒಂದು ದಿನ ಹಸಿರಾಗಿದ್ದರೆ ಸಾಕಿತ್ತು.

ಆದರೆ ಅಂದು ರಾತ್ರಿ ಮಳೆ ಸುರಿದು ಹಗರಿ ತುಂಬಿ ಬಂತು. ಬೆಳಿಗ್ಗೆ ಬಂದ ರಾಯದುರ್ಗದ ಇನ್‌ಸ್ಪೆಕ್ಟರು ಆಚೆ ದಂಡೆಯಿಂದಲೇ ಹಿಂದಿರುಗಿದರು. ಮರುದಿನ ಹಂಪಕ್ಕ ಕೊಡ ಹೊತ್ತು ಹೊಲಕ್ಕೆ ಹೊರಟಳು.

“ಅವಕ್ಕ್ಯಾಕ ನೀರು? ಮಳಿ ಬಂದೈತಲ್ಲ.”

“ಮರಳಾಗ ಮಳಿ ನಿಂದರ್ತೈತೇನ್ರಿ? ನೆಟ್ಟವ್ರು ನೀವ, ನೀವ ಹಿಂಗಂದ್ರ ಹೆಂಗ?”

ಸತ್ತ ಕಡ್ಡಿಗಳಿಗೆ ಹೆಂಡತಿ ನೀರು ಹೊರುವುದನ್ನು ಹುಲುಗಪ್ಪ ನಾಲ್ಕು ದಿನ ನೋಡಿದ. ಐದನೆಯ ದಿನ ತಡೆಯಲಾರದೆ ತಾನೂ ಒಂದು ಕೊಡ ಹೆಗಲಿಗೇರಿಸಿದ. ಎಲೆಗಳೆಲ್ಲ ಉದುರಿದವು. ಅವಳು ನಿಲ್ಲಿಸಲಿಲ್ಲ, ಅವನು ನಿಲ್ಲಿಸುವಂತಿರಲಿಲ್ಲ. ಗೆಣ್ಣುಗಳಲ್ಲಿ ಚಿಗುರು ಕಂಡಾಗಲೂ ಅವನಿಗೆ ನಂಬಿಕೆ ಬರಲಿಲ್ಲ. ಕಡಿದು ಹಾಕಿದ ಕೊಂಬೆಯೂ ನಾಲ್ಕು ದಿನ ಚಿಗುರಿ ಸಾಯುತ್ತದೆ.

ಒಂದೂವರೆ ತಿಂಗಳ ಮೇಲೆ ಇನ್‌ಸ್ಪೆಕ್ಟರು ಬಂದರು. ಬಗ್ಗಿ ಒಂದು ಎಲೆ ಮೂಸಿದರು.

“ಇದು ಜಾಲಿ ಅಲ್ಲವಲ್ಲಯ್ಯ. ಸರ್ಕಾರದ ಸಸಿ ಎಲ್ಲಿ?”

ನೀರು ಹಾಕುತ್ತಿದ್ದ ಹಂಪಕ್ಕ ಹತ್ತಿರ ಬಂದಳು.

“ಆಡಿನ ಹೊಟ್ಯಾಗ ಹೋದುವ್ರಿ” ಎಂದಳು ಹಂಪಕ್ಕ.

ಹುಲುಗಪ್ಪ ಗಕ್ಕನೆ ಅವಳ ಕಡೆ ತಿರುಗಿದ.

“ಕಡ್ಡಿ ಚುಚ್ಚಿ ಮೋಸ ಮಾಡೋರನ್ನು ಬೇಕಾದಷ್ಟು ನೋಡಿದ್ದೀನಮ್ಮ” ಎನ್ನುತ್ತ ಇನ್‌ಸ್ಪೆಕ್ಟರು ಒಂದನ್ನು ಹಿಡಿದು ಎಳೆದರು. ಬರಲಿಲ್ಲ. ಎರಡು ಕೈ ಹಾಕಿದರು. ಬುಡದ ಮರಳು ಬಿರಿದು ಬಿಳಿಯ ಬೇರಿನ ಗೊಂಚಲು ಕಂಡಿತು.

“ಬಿಡ್ರೀ ಸಾಹೇಬ್ರ! ಆಮ್ಯಾಲ ತೊಂಬತ್ತೊಂಬತ್ತ ಅದಾವ ಅಂತ ನೀವ ತಕರಾರು ತೆಗೀತೀರಿ” ಎಂದಳು ಹಂಪಕ್ಕ.

ಅವರಿಗೂ ನಗು ಬಂತು. “ಗಾಳಿ ತಡೆದರೆ ಯಾವ ಗಿಡವಾದರೇನು” ಎಂದರು. ಕಡ್ಡಿಯನ್ನು ಬೂಟಿನಿಂದ ಒತ್ತಿ ನಿಲ್ಲಿಸಿ, ಪುಸ್ತಕದಲ್ಲಿ ‘ನೂರು, ಜೀವಂತ’ ಎಂದು ಬರೆದುಕೊಂಡು ಹೋದರು.

ಹುಲುಗಪ್ಪ ಮರಳ ಮೇಲೆ ಕುಕ್ಕರಿಸಿದ. “ನಿನಗ ಯಾವಾಗ ಗೊತ್ತಾತು?”

“ಅವತ್ತ. ಸಂಜಿಗೆ ಒಂದು ಆಡೂ ಮೇವು ಮುಟ್ಟಲಿಲ್ಲ.”

“ಮತ್ತ ನೀರ್ಯಾಕ ಹೊತ್ತಿ?”

“ನಮ್ಮಪ್ಪನ ಹಿತ್ತಲ ಬೇಲಿ ಪೂರಾ ಲಕ್ಕಿ ಕಡ್ಡೀದ. ಆಡು ಮೂಸಂಗಿಲ್ಲ, ನೀರು ಬಿದ್ರ ಬೇರು ಬಿಡ್ತೈತಿ.”

“ಇಷ್ಟು ಗೊತ್ತಿದ್ದೂ ನನ್ನ ಬೈಲಿಲ್ಲ?”

“ಬೈದು ಮುಗಿಸಿದ್ರ ನೀವು ಕೊಡ ಹೊರ್ತಿದ್ರೇನು?” ಎಂದು ಹಂಪಕ್ಕ ಖಾಲಿ ಕೊಡ ಅವನ ಮುಂದಿಟ್ಟಳು.

ಸರ್ಕಾರದ ಖರ್ಚಿನಲ್ಲಿ ಮರಳು ಎಳೆಸಿದರು; ಲಕ್ಕಿ ಸಾಲಿನ ಮರೆಯಲ್ಲಿ ಎರಡು ಆಷಾಢ ಕಳೆದವು. ಆ ವರ್ಷದ ಸುಗ್ಗಿಯಲ್ಲಿ ಹಂಪಕ್ಕ ತನ್ನ ಹೊಲದ ಸಜ್ಜೆ ರೊಟ್ಟಿ ತಿಂದಳು.