ಎರಡು ತುಂಡಾದ ಕಾರ್ಡು

ಮೊಮ್ಮಗನ ಬೂಟಿಗೆ ಒಂಬತ್ತು ಡಾಲರ್. ರದ್ದಾದ ಕ್ರೆಡಿಟ್ ಕಾರ್ಡು ಹಿಡಿದುಕೊಟ್ಟ ಅಂಗಡಿ ಹುಡುಗಿಗೆ ಬ್ಯಾಂಕಿನ ಬಹುಮಾನ ಇಪ್ಪತ್ತೈದು. ಫ್ರೆಸ್ನೋ ಪೇಟೆಯ ಬೂಟಿನಂಗಡಿಯ ಕೌಂಟರಿನಲ್ಲಿ ಲೊರೇನ್ ಆ ವಾರ ರದ್ದಾದ ಕಾರ್ಡುಗಳ ಪಟ್ಟಿಯ ಮೇಲೆ ಬೆರಳಾಡಿಸಿದಳು. ತನ್ನ ಪಕ್ಕದ ಮನೆಯ ಮಿಸೆಸ್ ಹಗೋಪಿಯನ್ ಮೊಮ್ಮಗನ ಬೂಟಿಗೆಂದು ಕೊಟ್ಟ ಕಾರ್ಡಿನ ನಂಬರು ಅಲ್ಲಿತ್ತು.

ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಅವಳು ಕತ್ತರಿ ತೆಗೆದು ಕಾರ್ಡನ್ನು ಎರಡು ತುಂಡು ಮಾಡಿದಳು. “ಏನ್ಮಾಡ್ಲಿ ಮಿಸೆಸ್ ಹಗೋಪಿಯನ್, ಬ್ಯಾಂಕಿನ ರೂಲ್ಸು.”

“ಗೊತ್ತು ಕಣಮ್ಮ, ನಿನಗಿಂತ ಮುಂಚೆ ಇದೇ ಕೌಂಟರಲ್ಲಿ ನಾನೂ ಆರು ವರ್ಷ ನಿಂತಿದ್ದೆ,” ಎಂದರು ಆಕೆ, ಬೂಟಿನ ಡಬ್ಬಿಯನ್ನು ಹಿಂದಕ್ಕೆ ತಳ್ಳುತ್ತಾ. “ಆಗ ಬ್ಯಾಂಕಿನವರು ಹದಿನೈದೇ ಡಾಲರ್ ಕೊಡ್ತಿದ್ರು. ನಾವು ಮಾತ್ರ ಗಿರಾಕೀನ ಒಳಗೆ ಕರ್ಕೊಂಡ್ಹೋಗಿ ಕತ್ತರಿಸ್ತಿದ್ವಿ.”

ಲೊರೇನ್ ತುಂಡುಗಳನ್ನು ಬ್ಯಾಂಕಿನ ಲಕೋಟೆಗೆ ಹಾಕಿದಳು. ಮುಂದಿನ ವಾರ ಬಹುಮಾನ ಬಂತು. ಬೇಲಿಯಾಚೆಯ ಆ ಮುಖವನ್ನು ನೋಡುವ ಧೈರ್ಯ ಮಾತ್ರ ಮತ್ತೆ ಬರಲಿಲ್ಲ.