ಹೆಳವ ಹಾಡದೆ ಬಿಟ್ಟ ಹೆಸರು

ಊರೂರು ತಿರುಗಿ ಹಿರಿಯರ ನೆನಪುಗಳನ್ನು ಇತಿಹಾಸಕ್ಕೆಂದು ಫೋನಿನಲ್ಲಿ ಹಿಡಿದಿಡುವುದು ಈಗ ನನ್ನ ಕೆಲಸ. ಹೇಳುತ್ತಿದ್ದವರು ಯಾವುದೋ ಹೆಸರಿನ ಹತ್ತಿರ ಬಂದು ತಡೆದರೆ ಸಾಕು, ನೆಲದೊಳಗಿನ ಹಗೇವಿನಿಂದ ತೆಗೆದ ಜೋಳದ ಮುಗ್ಗಲು ವಾಸನೆ ಮೂಗಿಗೆ ಬರುತ್ತದೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಸಿಂದಗಿ ಕಡೆಯ ನಮ್ಮೂರ ಮನೆಗೆ ಹೆಳವ ಬಂದಿದ್ದ. ನಮ್ಮ ವಂಶದ ಹೆಸರುಗಳನ್ನೆಲ್ಲ, ಹೆಣ್ಣುಮಕ್ಕಳದನ್ನೂ ಬಿಡದೆ, ಬಾಯಲ್ಲೇ ಇಟ್ಟುಕೊಂಡು ಕೆಲವು ವರ್ಷಕ್ಕೊಮ್ಮೆ ಎತ್ತು ಏರಿ ಬಂದು ಹಾಡಿ ಹೋಗುವವನು. ಕಟ್ಟೆಯ ಮೇಲೆ ಕಂಬಳಿ ಹಾಸಿತ್ತು. ಓಣಿಯ ಮಂದಿ ನೆರೆದಿದ್ದರು. ಆಯಿ, ಅಂದರೆ ನಮ್ಮಜ್ಜಿ, ಬಾಗಿಲ ಹಿಂದೆ ನಿಂತು ನನ್ನ ರಟ್ಟೆ ಹಿಡಿದಿದ್ದಳು. ಅವಳ ಬಳೆ ನನ್ನ ತೋಳಿಗೆ ಒತ್ತುತ್ತಿತ್ತು.

ಮುತ್ತಜ್ಜಂದಿರು ಮುಗಿದರು. ಅಜ್ಜನ ಹೆಸರು ಬಂತು, ಅಪ್ಪನದು ಬಂತು. ಇನ್ನು, ಮನಸ್ಸಿಗೆ ಬಂದವನ ಜೊತೆ ಊರು ಬಿಟ್ಟ ಸಣ್ಣತ್ತೆಯದು ಬರಬೇಕು. ಬಳೆ ಇನ್ನಷ್ಟು ಒತ್ತಿತು. ಹೆಳವ ಉಸಿರೆಳೆದುಕೊಂಡ.

"ಆಕಿದು ಬ್ಯಾಡ. ಮುಂದ ಹೇಳು," ಅಂದ ಅಜ್ಜ.

ಹೆಳವ ಒಂದು ಗಳಿಗೆ ಎತ್ತಿನ ಕಡೆ ನೋಡಿ, ಸೀದಾ ನನ್ನ ಹೆಸರಿಗೆ ಬಂದ.

ಹೊರಡುವಾಗ ಆಯಿ ಅವನನ್ನು ಹಿತ್ತಲ ಬಾಗಿಲಿಗೆ ಕರೆದಳು. ಹಗೇವಿನ ಜೋಳವನ್ನು ಮೊರದಿಂದ ಅವನ ಚೀಲಕ್ಕೆ ಸುರಿಯುತ್ತ, ಆ ಸದ್ದಿನೊಳಗೇ ಕೇಳಿದಳು: "ಆಕಿ ಸುದ್ದಿ ಏನರೆ ಐತೇನೊ?"

"ಆಕಿ ಸೇರಿದ ಮನಿ ಹಾಡೂದು ನಮ್ಮ ತಮ್ಮನ ಪಾಲಿಗೆ ಬರತೈತ್ರೆವ್ವಾ. ಹ್ವಾದ ಸಲ ಅಲ್ಲಿ ಹೊಸದಾಗಿ ಎರಡು ಕೂಸಿನ ಹೆಸರು ಕೂಡಿಸಿ ಬಂದಾನ."

ಪಡಸಾಲೆಯಲ್ಲಿ ಅಜ್ಜ ಕೆಮ್ಮಿದ. ಚೀಲ ತುಂಬಿ ಜೋಳ ನೆಲಕ್ಕೆ ಚೆಲ್ಲುತ್ತಿತ್ತು. ಆಯಿ ಸುರಿಯುತ್ತಲೇ ಇದ್ದಳು.