ನೀಲಕಂಠನಿಗೆ ಆಂಬುಲೆನ್ಸ್

ವಿಕಿರಣ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೂರನೇ ದಿನವೇ ವೈಜಯಂತಿಯ ಕೈಗೆ ಆ ಬ್ಯಾಡ್ಜ್ ಬಂತು. ಅದರೊಳಗಿನ ಹರಳನ್ನು ಯಂತ್ರದಲ್ಲಿ ಕಾಯಿಸಿದರೆ, ಬ್ಯಾಡ್ಜ್ ತೊಟ್ಟವನ ಮೈಗೆ ಎಷ್ಟು ನ್ಯೂಟ್ರಾನ್ ವಿಕಿರಣ ತಗಲಿದೆಯೋ ಅಷ್ಟು ಬೆಳಗುತ್ತದೆ. ಇದು ಮದುವೆ ಮನೆಯ ಹಾಗೆ ಬೆಳಗಿತು. ಬ್ಯಾಡ್ಜಿನ ಮೇಲೆ ‘ನೀಲಕಂಠ’ ಎಂಬ ಹೆಸರಿತ್ತು.

ಅವಳು ಎದ್ದೆನೋ ಬಿದ್ದೆನೋ ಎಂದು ವಿಕಿರಣದ ಕೋಣೆಗೆ ಓಡಿದಳು. ಬಾಗಿಲಲ್ಲಿ ಹಿರಿಯ ಸಹಾಯಕ ಫಕೀರಪ್ಪ ಚಹಾ ಹೀರುತ್ತ ಕೂತಿದ್ದರು.

“ನೀಲಕಂಠ ಅವರೆಲ್ಲಿ?”

“ಒಳಗ ನಿಂತಾನ್ರೀ ಮೇಡಂ, ಮುಂಜಾನಿಂದ.”

“ಇನ್ನೂ ಒಳಗಾ? ಊಟಕ್ಕೂ ಬಿಟ್ಟಿಲ್ವಾ?”

“ಅವಗ ಊಟದ ಗೊಡವಿ ಇಲ್ರೀ. ಬರೇ ನೀರು.”

ವೈಜಯಂತಿ ಬ್ಯಾಡ್ಜನ್ನು ಅವರ ಮುಂದೆ ಹಿಡಿದಳು. “ವಾಂತಿ, ತಲೆಸುತ್ತು ಏನಾದ್ರೂ?”

“ಹಂಗೇನಿಲ್ರೀ. ನಿನ್ನಿಯಿಂದ ಕೆಳಗ ಸ್ವಲ್ಪ ಸೋರಾಕ ಹತ್ಯಾನ, ಅಷ್ಟ.”

“ಇದನ್ನ ಇಷ್ಟು ಆರಾಮಾಗಿ ಹೇಳ್ತಿದೀರಲ್ಲ,” ಎನ್ನುತ್ತ ಅವಳು ಅಲ್ಲಿಂದಲೇ ಆಂಬುಲೆನ್ಸಿಗೆ ಫೋನು ಮಾಡಿದಳು. ಸ್ಟ್ರೆಚರ್ ಹೊತ್ತ ಇಬ್ಬರು ಏದುಸಿರು ಬಿಡುತ್ತ ಬಂದು ನಿಂತರು.

ಫಕೀರಪ್ಪ ಲೋಟ ಕೆಳಗಿಟ್ಟು ನಿಧಾನವಾಗಿ ಬಾಗಿಲು ತೆರೆದರು.

“ಬ್ಯಾಡ್ಜ್ ಪರೀಕ್ಷಾಕ್ಕ ಮನಷ್ಯಾನ ಬದ್ಲಿ ಹೆಸರಿಟ್ಟು ನಿಲ್ಲಿಸಿದ ನೀರಿನ ಡಬ್ಬಿರೀ ಅದು, ಆಂಬುಲೆನ್ಸ್ ಯಾಕ, ಪ್ಲಂಬರ್ ಬಂದ್ರ ಸಾಕಿತ್ತು.”